ಅಕ್ಷರಕ್ಕೆ ಇಪ್ಪತ್ತು

ಅಕ್ಷರಕ್ಕೆ ಇಪ್ಪತ್ತು, ಒತ್ತಿದ್ದರೆ ಮೇಲೆ ಐದು.
ತಗಡು ನಿಮ್ಮದು, ಬಣ್ಣ ನನ್ನದು.
ಬನ್ನಿಮಂಟಪದ ಈ ಅಡ್ಡರಸ್ತೆಯಲ್ಲಿ
ಇಪ್ಪತ್ತೆರಡು ವರ್ಷದಿಂದ
ನಿಮ್ಮ ಗೇಟುಗಳಲ್ಲಿ ನೇತಾಡಿದ್ದೆಲ್ಲ
ನನ್ನ ಕೈಬರಹ.

'ಮನೆ ಖಾಲಿ ಇದೆ', ಆರೇ ಅಕ್ಷರ,
ನೂರಿಪ್ಪತ್ತಕ್ಕೆ ಮುಗಿಯುವ ಮಾತು.
ಮುಗಿಯಲು ನೀವು ಬಿಡಬೇಕಲ್ಲ!
'ಸಸ್ಯಾಹಾರಿಗಳಿಗೆ ಮಾತ್ರ' ಅಂದರು ರೈಲ್ವೆಯ ಶ್ರೀಕಂಠಯ್ಯ.
'ಚಿಕ್ಕ ಸಂಸಾರಕ್ಕೆ ಮಾತ್ರ' ಅಂದರು ಹಾಲಿನ ಬೂತಿನ ಪುಟ್ಟತಾಯಮ್ಮ.
ಮೂಲೆಮನೆಯ ಮೇಷ್ಟ್ರು ದನಿ ತಗ್ಗಿಸಿ,
'ನಮ್ಮವರಿಗೆ ಮಾತ್ರ. ಅದನ್ನ ಬರೀಬೇಡ,
ಬಂದವರಿಗೆ ನಾನೇ ಬಾಯಲ್ಲಿ ಹೇಳ್ಕೋತೀನಿ' ಅಂದರು.
ಬರೆಯದ ಆ ಅಕ್ಷರಗಳಿಗೆ ನಾನು ದುಡ್ಡು ಕೇಳಲಿಲ್ಲ.
ಕೊಟ್ಟವರು ಬೇರೆ.

ಎಚ್.ಡಿ. ಕೋಟೆಯ ಕಂಡಕ್ಟರ್ ಮಾದೇವಸ್ವಾಮಿ,
ಹೆಂಡತಿ, ಎರಡು ಕೂಸು,
ಮೂರು ಭಾನುವಾರ ಇದೇ ಬೀದಿ ಸುತ್ತಿದರು.
'ಯಾವ ಪೈಕಿ?' ಅಂದಿರಿ,
ಕುಡಿಯಲು ನೀರು ಕೊಡುವ ಮೊದಲು.
ನನ್ನನ್ನೂ ಕೇಳಿದ್ದಿರಿ ಒಂದು ಸಲ.
'ಬಣ್ಣದ ಪೈಕಿ' ಅಂದೆ. ನಕ್ಕಿರಿ, ಕಾಫಿ ಕೊಟ್ಟಿರಿ.
ಮನೆ ಮಾತ್ರ ಕೊಡಲಿಲ್ಲ.
ಈಗಲೂ ಕೆಸರೆಯಿಂದಲೇ ಸೈಕಲ್ಲು ತುಳಿದು ಬರುತ್ತೇನೆ.

ಈ ಸಲ ಆಷಾಢ ಕಳೆದ ಮೇಲೆ
ಸುಂದರಾಬಾಯಿಯವರ ಹಿಂದಿನ ಪೋರ್ಷನ್ನಿಗೆ
ಚೆಲುವಾಂಬದ ನರ್ಸು ತಸ್ಮಿಯಾ ಬಂದಳು, ತಾಯಿಯ ಜೊತೆ.
ಬೋರ್ಡು ಮಳೆಗೆ ಕಳಚಿ ಮೋರಿಗೆ ಬಿದ್ದಿತ್ತು;
ಓದದೆ ನೇರ ಬಾಗಿಲು ತಟ್ಟಿದ್ದಳು.
ನಾವೆಲ್ಲ ಒಳ್ಳೆಯವರು, ಯಾರೂ ಏನೂ ಅನ್ನಲಿಲ್ಲ.
ನಲ್ಲಿ ನೀರು ಬೆಳಗಿನ ಜಾವ ನಾಲ್ಕೂವರೆಗೆ,
ಅದೂ ದಿನ ಬಿಟ್ಟು ದಿನ;
ಅದನ್ನೂ ಯಾರೂ ಅನ್ನಲಿಲ್ಲ.
ಆರು ದಿನ ಆ ತಾಯಿ
ಒಣ ನಲ್ಲಿ ತಿರುಗಿಸಿ, ಕಿವಿಯಿಟ್ಟು ಕೇಳಿ,
ಕ್ಯಾನು ಹಿಡಿದು ಅಂಗಡಿಗೆ ನಡೆದಳು.
ನಾನೂ ನೋಡಿದೆ. ಏಣಿಯ ಮೇಲಿದ್ದೆ.

ಏಳನೆಯ ದಿನ ನಸುಕಿಗೆ
ಸುಂದರಾಬಾಯಿ ಗೊಣಗುತ್ತಲೇ ಎದ್ದು
ಕಿಟಕಿಯ ಸರಳಿಗೆ ಸೌಟಿನಲ್ಲಿ ಬಡಿದರಂತೆ:
'ಏಳ್ರಮ್ಮಾ, ನೀರು ಬಂತು!
ಬಿಂದಿಗೆ ಸಾಲದಿದ್ರೆ ನಂದೊಂದು ತಗೊಳ್ಳಿ.'
ಅಷ್ಟೇ. ಹಾರ ಇಲ್ಲ, ಭಾಷಣ ಇಲ್ಲ.
ಆ ಹಿತ್ತಾಳೆ ಬಿಂದಿಗೆ ಇನ್ನೂ ವಾಪಸ್ಸು ಬಂದಿಲ್ಲ,
ಅವರು ಕೇಳಿಯೂ ಇಲ್ಲ.

ನೆರೆಯವರೇ, ನನಗೆ ಗೊತ್ತಿರುವುದು ಈ ಲೆಕ್ಕವೊಂದೇ.
'ಮಾತ್ರ': ಎರಡು ಅಕ್ಷರ, ಒಂದು ಒತ್ತು. ನಲವತ್ತೈದು.
'ಬನ್ನಿ': ಎರಡು ಅಕ್ಷರ, ಒಂದು ಒತ್ತು. ನಲವತ್ತೈದು.
ಕೈಗೆ ನೋವೂ ಅಷ್ಟೇ, ಬಣ್ಣವೂ ಅಷ್ಟೇ.
ನಮ್ಮ ವಿಳಾಸ ಶುರುವಾಗುವುದೇ ಬನ್ನಿ ಅಂತ;
ರೇಷನ್ ಕಾರ್ಡಿನ ಮೇಲೆ, ಲಗ್ನಪತ್ರಿಕೆಯ ಮೇಲೆ
ಎಷ್ಟು ಸಲ ಬರೆಸಿಲ್ಲ,
ಬಾಯಿಬಿಟ್ಟು ಓದಿದ್ದು ಯಾವಾಗ?

ನಿನ್ನೆ ಶ್ರೀಕಂಠಯ್ಯನವರು ತಗಡು ತಂದಿಟ್ಟರು.
'ಕೆಳಗಿನ ಸಾಲು ಅಳಿಸಿಬಿಡಪ್ಪ,
ಮನೆ ಖಾಲಿ ಇದೆ, ಅಷ್ಟು ಸಾಕು.'
ಯಾಕೆ ಅಂತ ನಾನು ಕೇಳಲಿಲ್ಲ.
ಎರಡು ಕೋಟು ಬಿಳಿ ಹೊಡೆದೆ.
ನೆರಳಲ್ಲಿ ಸರಿಯಾಗೇ ಕಾಣುತ್ತೆ.
ಬಿಸಿಲಿಗೆ ಹಿಡಿದರೆ ಅಡಿಯಿಂದ
ಆ ಎರಡಕ್ಷರ ಇನ್ನೂ ಇಣುಕುತ್ತವೆ.
ನಾನೇ ಬರೆದದ್ದು, ಗಟ್ಟಿ ಬಣ್ಣ.

ಇನ್ನೊಂದು ಕೋಟು ಬೇಕು, ಸ್ವಾಮಿ.
ಇದಕ್ಕೆ ದುಡ್ಡು ಬೇಡ.
ಡಬ್ಬಿಯಲ್ಲಿ ಇನ್ನೊಂದು ಕುಂಚ ಇದೆ.