ಮೂವತ್ತು ಲೀಟರ್

ನಾನು ಎಂಟನೇ ನಂಬರಿನ ಟ್ರಾಮ್ ಓಡಿಸುವವಳು.
ಸಮುದ್ರ ಕಂಡದ್ದು ಒಂದೇ ಸಲ, ಹನ್ನೊಂದರ ವಯಸ್ಸಿಗೆ,
ಬಲ್ಗೇರಿಯಾದಲ್ಲಿ. ಚಿಪ್ಪು ಚುಚ್ಚಿ ಕಾಲು ಹಿಡಿದು ಅತ್ತಿದ್ದೆ.
ಹಾಗಾಗಿ ಕೆಳಮನೆಯ ವೆಂದೆಲೀನ್
ಬೀಗದಕೈ ನನ್ನ ಅಂಗೈಗಿಟ್ಟು
"ನನ್ನ ಸಮುದ್ರ ನೋಡಿಕೋ ಯಾರ್ಮಿಲಾ" ಎಂದಾಗ
ನಗು ನುಂಗಿಕೊಂಡೆ.

ಒಸ್ಟ್ರಾವಾದ ಮೂರನೇ ಮಹಡಿಯಲ್ಲಿ
ಮುನ್ನೂರು ಲೀಟರ್ ಸಮುದ್ರ!
ಇಪ್ಪತ್ತೇಳು ವರ್ಷ ನೆಲದಡಿ ಕಲ್ಲಿದ್ದಲು ಕಡಿದವನು.
ಎದೆಯಲ್ಲಿ ಧೂಳು ಬಿಡಾರ ಹೂಡಿತ್ತು.
ಎರಡು ವಾರ ಎಂದ ಆಸ್ಪತ್ರೆ
ಏಳು ವಾರ ಇಟ್ಟುಕೊಂಡಿತು.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದ:
ದಿನಾ ಒಂದು ಚಿಟಿಕೆ ಆಹಾರ.
ಶನಿವಾರ ಮೂವತ್ತು ಲೀಟರ್ ತೆಗೆ, ಮೂವತ್ತು ಹಾಕು.
ಎರಡನೆಯದರ ಕೆಳಗೆ ಎರಡು ಗೆರೆ.

ಶನಿವಾರ ನನಗೆ ಎರಡು ಪಾಳಿ.
ಬಕೆಟ್ಟು, ಉಪ್ಪಿನ ಮೂಟೆ, ಹಾವಿನಂಥ ಕೊಳವೆ,
ಯಾರಿಗೆ ಬೇಕು?
ನೀರೋ, ಕನ್ನಡಕ ಒರೆಸಿಟ್ಟ ಹಾಗೆ ನಿಚ್ಚಳ,
ಆಚೆಬದಿಯ ಕ್ಯಾಲೆಂಡರಿನ ತಾರೀಖು ಓದಬಹುದು.
ದಿನಕ್ಕೆ ಒಂದು ಬೆರಳು ಇಳಿಯುತ್ತಿತ್ತು,
ಕ್ಯಾನಿನಿಂದ ಸಿಹಿನೀರು ಸುರಿದು
ಟೇಪಿನ ಗುರುತಿಗೆ ಸರಿಯಾಗಿ ಮುಟ್ಟಿಸುತ್ತಿದ್ದೆ.
ತುಂಬಿದೆಯಲ್ಲ, ಇನ್ನೇನು?

ಐದನೇ ವಾರ
ಬೆರಳಾಡಿಸುತ್ತಿದ್ದ ಹವಳ ಬೆರಳು ಮಡಿಚಿತು.
ಮರಳಿನ ಮೇಲೆ ಕೆಂಪು ಲೋಳೆ,
ಯಾರೋ ಹಾಸಿ ಮರೆತ ಕಂಬಳಿಯಂತೆ.
ಸೀಗಡಿ ಚಿಪ್ಪು ಕಳಚಲು ಹೋಗಿ
ಅರ್ಧ ಕಳಚಿ, ಅಲ್ಲೇ ಉಳಿಯಿತು.
ಮೂಲೆಯದೊಂದು ಹವಳ ಬಿಳಿಚಿತು,
ಲೋಟದಲ್ಲಿಟ್ಟ ಅಜ್ಜಿಯ ಹಲ್ಲಿನ ಸೆಟ್ಟಿನಷ್ಟು ಬಿಳಿ.

ಬಂದವನು ಬೈಯಲಿಲ್ಲ.
ಬೈಯಲು ಉಸಿರೂ ಸಾಲುತ್ತಿರಲಿಲ್ಲ.
ಗಾಜಿನ ನಳಿಗೆಯಲ್ಲಿ ಒಂದಿಷ್ಟು ನೀರು ಹಿಡಿದು
ಹನಿ ಎಣಿಸಿ ಬಿಟ್ಟು, ಅಲ್ಲಾಡಿಸಿ, ಬೆಳಕಿಗೆ ಹಿಡಿದ.
ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ.

"ಆವಿಯಾಗುವುದು ನೀರೊಂದೇ," ಎಂದ. ಉಸಿರೆಳೆದುಕೊಂಡ.
"ತಿಂದದ್ದು, ವಿಸರ್ಜಿಸಿದ್ದು, ಸತ್ತದ್ದು
ಇಲ್ಲೇ ಕೂತಿರುತ್ತದೆ. ನೀನು ತುಂಬಿಸಿದೆ,
ಬದಲಿಸಲಿಲ್ಲ.
ಹವಳ ನೀರಿನ ಸುಣ್ಣ ಹೀರಿ ಮನೆ ಕಟ್ಟುತ್ತದೆ,
ಸುಣ್ಣ ತೀರಿದರೆ ಯಾರನ್ನು ಕೇಳಬೇಕು ಅದು?"
ಮತ್ತೆ ಉಸಿರು.
"ಗಣಿಯಲ್ಲಿ ಮೇಲೊಂದು ದೊಡ್ಡ ಫ್ಯಾನ್ ಇತ್ತು.
ಹಗಲೂ ರಾತ್ರಿ ಹಳೇ ಗಾಳಿ ಎಳೆದು ಬಿಸಾಡುತ್ತಿತ್ತು.
ಅದರ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ,
ನಿಂತ ದಿನವಷ್ಟೇ ಕೇಳಿಸಿತು.
ಗಾಳಿ ಅಂದೂ ನೋಡಲು ಚೆನ್ನಾಗೇ ಇತ್ತು."

ನಾಚಿ, ತೋಳು ಮಡಿಸಿ,
"ಎಲ್ಲ ಚೆಲ್ಲಿ ಇವತ್ತೇ ಹೊಸದು ತುಂಬಿಸುತ್ತೇನೆ" ಎಂದೆ.
ತಲೆಯಾಡಿಸಿದ.
"ಏಳು ವಾರದ ಕೊಳೆಗೆ ಒಗ್ಗಿಕೊಂಡ ಜೀವ,
ಒಂದೇ ದಿನದ ಮಡಿಗೆ ಸಾಯುತ್ತದೆ.
ಮೂವತ್ತು.
ನಾಲ್ಕು ದಿನ ಬಿಟ್ಟು, ಇನ್ನೊಂದು ಮೂವತ್ತು."

ಈಗ ಶುಕ್ರವಾರ ರಾತ್ರಿಯೇ ಉಪ್ಪು ಕರಗಿಸುತ್ತೇನೆ.
ಬಕೆಟ್ಟಿನಲ್ಲಿ ಪುಟ್ಟ ಪಂಪು ಬೆಳಗಿನ ತನಕ ಗೊಣಗುತ್ತದೆ.
ಇಪ್ಪತ್ತೈದು ಡಿಗ್ರಿ, ಮೂವತ್ತೈದರ ಉಪ್ಪು,
ಒಂದು ಕಣ್ಣು ಮುಚ್ಚಿ ಅಳತೆಯ ಕೊಳವೆಯೊಳಗೆ ಇಣುಕುತ್ತೇನೆ.
ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಮಂಡಿಯೂರಿ
ಕೊಳವೆಯ ತುದಿ ಹೀರಿದರೆ
ಒಮ್ಮೊಮ್ಮೆ ಬಾಯಿಗೇ ಬರುತ್ತದೆ:
ಥೂ, ಬಲ್ಗೇರಿಯಾ!
ಅವನು ನಗುತ್ತಾನೆ, ಕೆಮ್ಮು ಬರುವವರೆಗೆ.

ಬಿಳಿಚಿದ್ದು ಬಿಳಿಯಾಗಿಯೇ ಉಳಿದಿದೆ.
ಉಳಿದದ್ದು ಬೆರಳು ಬಿಚ್ಚುತ್ತಿದೆ,
ಮೊದಲು ಒಂದು, ಆಮೇಲೆ ಯಾವಾಗಲೋ ಎರಡು.

ತೆಗೆದ ನೀರನ್ನು ಚೆಲ್ಲುವ ಮುನ್ನ
ಸಿಂಕಿನ ದೀಪ ಹಾಕಿ ಬಗ್ಗಿ ನೋಡುತ್ತೇನೆ.
ಏನೂ ಕಾಣಿಸುವುದಿಲ್ಲ.
ನನ್ನ ಮುಖ, ಟೋಪಿಯ ಬಿಲ್ಲೆ.
ಚೆಲ್ಲುತ್ತೇನೆ.
ಆಮೇಲೆ, ಯಾರೂ ಹೇಳದಿದ್ದರೂ,
ಅವನು ಮಲಗಿದ ಕೋಣೆಗೆ ಹೋಗಿ
ಹೊರಗೆ ಹಿಮವಿದ್ದರೂ
ಐದು ನಿಮಿಷ ಕಿಟಕಿ ತೆಗೆದಿಡುತ್ತೇನೆ.