ಲೆಕ್ಕ ಒಂಬತ್ತಕ್ಕೆ ನಿಂತಾಗ

ಹುಬ್ಬಳ್ಳಿ ಗದಗ ರೋಡಿನ ಹಿಂದಿನ ನಮ್ಮ ಓಣಿಯಲ್ಲಿ
ಆ ಮೇ ತಿಂಗಳು ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೂಗಲಿಲ್ಲ.
ಹೊತ್ತು ಎಷ್ಟಾಯಿತೆಂದು ಯಾರಿಗೂ ಖಾತ್ರಿಯಿರಲಿಲ್ಲ.
ಸೆಗುಲಾಬಾಯಿ ಬಂದು ಅಂಗಳದಲ್ಲೇ ನಿಂತು
"ಚಂಬಣ್ಣಾ, ನಿನ್ನ ದೊಡ್ಡ ಫೋನು ಒಂದ್ ತಾಸು ಕೊಡ್ತೀಯೇನು,
ಠಾಣೆದಾಗ ನಮ್ಮ ಎಲೋಜಿ ಹೋದ" ಅಂದಳು,
ಎರಡನ್ನೂ ಒಂದೇ ಉಸಿರಿನಲ್ಲಿ.

ಮೂವತ್ತೊಂದು ವರ್ಷದ ಬಾಜೂ ಮನಿ.
ಅವರಪ್ಪ ಫಿಟ್ಟರು, ನಾನು ಪಾಯಿಂಟ್ಸ್‌ಮನ್.
ಶನಿವಾರ ಅವರ ಒಲೆ ಹೊತ್ತುವುದಿಲ್ಲವೆಂಬುದು ಗೊತ್ತಿತ್ತು.
"ಕೊಂಕಣದ ದಂಡಿಗೆ ಗಾಣ ಹೊಡಿತಿದ್ವಿ,
ಶನಿವಾರ ಎತ್ತು ಬಿಚ್ಚತಿದ್ವಿ" ಅಂದಿದ್ದಳು ಒಮ್ಮೆ,
ಅವಲಕ್ಕಿ ಬೆಲ್ಲ ಕಾಯಿತುರಿ ಕಲಸಿದ ತಾಟು
ನಿಂಬೆವ್ವನ ಕೈಗೆ ಕೊಡುತ್ತ.
ಅದಕ್ಕಿಂತ ಹೆಚ್ಚಿಗೆ ನಾವು ಕೇಳಿರಲಿಲ್ಲ.
ಅವರ ದೇವರಿಗೆ ಈ ಊರಲ್ಲಿ ಗುಡಿಯಿಲ್ಲ,
ಇದ್ದದ್ದು ಈಕೆಯದೊಂದು ಪಡಸಾಲೆ.

ಕನ್ನಡಿಗೆ ಪತ್ತಲ ಹೊಚ್ಚಿದ್ದಳು. ಸತ್ತವರ ಮನೆಯವರು
ಏಳು ದಿನ ತಮ್ಮ ಮೋತಿ ತಾವು ನೋಡಬಾರದಂತೆ.
ಫೋನು ಹಚ್ಚಿದರೆ
ಮೂಲೆಯ ಚೌಕದಲ್ಲಿ ಅದೇ ಮೋತಿ, ಅತ್ತ ಕಣ್ಣು, ಕೆದರಿದ ಬಿಳಿಗೂದಲು.
"ಅಯ್ಯ, ಇದನ್ನ ಹೆಂಗ ಮುಚ್ಚೂದೋ!"
ನನಗೂ ತಿಳಿಯದು. ಕಿಟಕಿಯಾಚೆ ನಿಂತಿದ್ದ ನಿಂಬೆವ್ವ
ಹಣೆಯ ಟಿಕಳಿ ಕಿತ್ತು ಕೊಟ್ಟಳು,
ನಾಲ್ಕಾಣೆಯಷ್ಟು ಅಗಲದ್ದು. ಗಾಜಿನ ಮೇಲೆ ಅಂಟಿಸಿದೆ,
ಸರಿಯಾಗಿ ಮುಖದ ಮೇಲೆ.

ಠಾಣೆ, ಪುಣೆ, ಅಲಿಬಾಗ, ಅಹಮದಾಬಾದ:
ಒಂದೊಂದೇ ಚೌಕ ತೆರೆದವು.
ಯಾರದೋ ಹಿಂದೆ ಕುಕ್ಕರು ಕೂಗಿತು.
ಒಬ್ಬಾತ ಟೊಪ್ಪಿಗೆ ಸಿಗದೆ ಕರವಸ್ತ್ರಕ್ಕೆ ನಾಲ್ಕು ಗಂಟು ಹಾಕಿಕೊಂಡಿದ್ದ.
ಎಲೋಜಿಯ ಮಗ ಎಫ್ರಾಯಿಮ್, ಬೀಗ ಹಾಕಿದ ಕೋಣೆಯಲ್ಲಿ,
ಮಾಸ್ಕಿನ ಕೆಳಗೆ ಹರಿದುಕೊಂಡ ಕೊರಳಪಟ್ಟಿ.
ಯಾರು ಹೊಸದಾಗಿ ಬಂದರೂ ಚೌಕಗಳು ಸರಿಯುತ್ತಿದ್ದವು,
ಟಿಕಳಿ ಸರಿಯುತ್ತಿರಲಿಲ್ಲ.
ಸೆಗುಲಾಬಾಯಿ ಹೊರಬೀಳುವಳು, ಇನ್ನೊಬ್ಬರು ಮರೆಯಾಗುವರು.
ಕಡೆಗೆ ಆಕೆ ಕಣ್ಣೇ ಮುಚ್ಚಿದಳು.

ಹತ್ತು ಗಂಡಸರು ಕೂಡದೆ ಸತ್ತವನ ಹೆಸರಿನ ಆ ಮಾತು ಹೇಳುವಂತಿಲ್ಲ.
ಪಾಯಿಂಟ್ಸ್‌ಮನ್ನಿಗೆ ಇದನ್ನು ಬಿಡಿಸಿ ಹೇಳಬೇಕೆ?
ಟೋಕನ್ ಕೈಗೆ ಬರದೆ ಗಾಡಿ ಬಿಡುವುದಿಲ್ಲ.
ತಲೆಗಳನ್ನು ಎಣಿಸಬಾರದಂತೆ. ಹತ್ತು ಶಬ್ದದ ಒಂದು ಸಾಲುಂಟು,
ತಲೆಗೊಂದು ಶಬ್ದ. ಹಿರಿಯರು ಬೆರಳು ಸರಿಸುತ್ತ ಹೇಳಿದರು,
ಹತ್ತನೆಯ ಶಬ್ದ ನನ್ನ ಮೇಲೆ ಬಿತ್ತು.
ತಲೆಗೆ ಟವೆಲ್ ಹೊದ್ದು ಅವಳಿಂದ ಮೂರು ಮೊಳ ದೂರ
ನೆಲದ ಮೇಲೆ ಕೂತಿದ್ದೆನಲ್ಲ.

ಸುಮ್ಮನಿರಬಹುದಿತ್ತು ಆಕೆ. ನಾನಂತೂ ಇದ್ದುಬಿಡುತ್ತಿದ್ದೆ.
"ಇವ ಚಂಬಣ್ಣ," ಅಂದಳು ಮರಾಠಿಯಲ್ಲಿ,
"ನಮ್ಮವನs. ಲೆಕ್ಕಕ್ಕ ಬರಂಗಿಲ್ಲ."
ತುಸು ತಡೆದು,
"ನಾನೂ ಬರಂಗಿಲ್ಲ."

ಯಾರೂ ಏನೂ ಅನ್ನಲಿಲ್ಲ. ಕಾದೆವು.
ಬ್ಯಾಟರಿ ಹದಿನಾಲ್ಕು.
ಒಂದು ಗೂಡ್ಸು ಹಾದುಹೋಯಿತು ನಮ್ಮ ಹಿತ್ತಲಲ್ಲಿ,
ಅಷ್ಟೂ ಊರುಗಳ ಮನೆಗಳಲ್ಲಿ ಅದು ಕೇಳಿಸಿರಬೇಕು,
ಅಲಿಬಾಗದ ಮುದುಕ ಕಿಟಕಿಯ ಕಡೆ ಹೊರಳಿ ನೋಡಿದ.
ನಾನು ರೂಢಿಯಂತೆ ವ್ಯಾಗನ್ ಎಣಿಸಿದೆ. ನಲವತ್ತೆರಡು.

ಆಮೇಲೆ ಚೌಕಗಳು ಮತ್ತೊಮ್ಮೆ ಸರಿದವು.
ಬಂದವನು ನೆಟ್ಟಗೆ ಟಿಕಳಿಯ ಕೆಳಗೆ ಬಂದ.
ಮುಖ ಕಾಣಲಿಲ್ಲ. ಸುತ್ತ ಆಸ್ಪತ್ರೆಯ ಹಸಿರು ಪರದೆ,
ಯಂತ್ರವೊಂದರ ಟಿಕ್ ಟಿಕ್,
ನಡುವೆ ಎಳೆದೆಳೆದು ಒಂದು ದನಿ: "ಇದ್ದೀನಿ. ಸುರು ಮಾಡ್ರಿ."
ಟಿಕಳಿ ಕೀಳಬೇಕೆಂದು ನನಗೆ ಹೊಳೆಯಲೇ ಇಲ್ಲ.
ಎಫ್ರಾಯಿಮ್ ಎದ್ದು ನಿಂತ. ಮಾಸ್ಕು ಉಬ್ಬಿತು, ಇಳಿಯಿತು.
ತಿಳಿಯದ ಮಾತು. ಆದರೆ ಎಲ್ಲಿ ಎಲ್ಲರೂ ಕೂಡಿ
ಆಮೇನ್ ಅನ್ನುತ್ತಾರೋ ಅದು ತಿಳಿಯುತ್ತಿತ್ತು,
ಒಬ್ಬರದಾದ ಮೇಲೆ ಒಬ್ಬರದು ತಡವಾಗಿ ಬಂದು ಮುಟ್ಟುವುದು,
ಕೊನೆಗೆ ಆ ಆಸ್ಪತ್ರೆಯದು.

ಏಳನೆಯ ಮುಂಜಾನೆ ಕನ್ನಡಿಯ ಪತ್ತಲ ತೆಗೆದು,
ಫೋನಿನ ಗಾಜಿನ ಟಿಕಳಿಯನ್ನು ಉಗುರಿನಿಂದ ಬಿಡಿಸಿ
ವಾಪಸು ಕೊಡಲು ಬಂದಳು.
ನಿಂಬೆವ್ವ ಅದನ್ನು ನಮ್ಮ ಕನ್ನಡಿಯ ಅಂಚಿಗೆ ಅಂಟಿಸಿದಳು,
ಉಳಿದ ಟಿಕಳಿಗಳ ಸಾಲಿಗೆ. ಈಗ ಯಾವುದು ಅದೆಂದು ಹೇಳಲಾರೆ.
ಮುಖ ತೊಳೆದು ಬಂದಾಗ ಒಮ್ಮೊಮ್ಮೆ ನೋಡುತ್ತೇನೆ.
ಆತ ಉಳಿದನೋ ಇಲ್ಲವೋ,
ನಾನು ಕೇಳಿಲ್ಲ. ಆಕೆಗೂ ಹೆಸರು ಗೊತ್ತಿಲ್ಲ.