ನಲವತ್ತು ದಿನ

ಕ್ಲಾಕ್ಸ್‌ವೀಕ್ ಬಂದರು. ಮೀನುಗಾರರ ಸಹಕಾರ ಸಂಘದ
ಎರಡನೇ ಮಹಡಿ, ಐಸ್ ಯಂತ್ರದ ನೆತ್ತಿಯ ಮೇಲೆ
ರನ್ವಾ ಕೂತಿದ್ದಾಳೆ. ಸೋಮವಾರ.
ಶುಕ್ರವಾರದೊಳಗೆ ಆರಿಸಿ ಮುಗಿಸಬೇಕು.

ಮೇಜಿನ ಕೆಳಗೆ ಹಳೆಯ ಸರ್ವರ್ ಕೆಮ್ಮುತ್ತಿದೆ.
ಹನ್ನೊಂದು ವರ್ಷ ಊರ ಅಂಚೆ ಹೊತ್ತ ಬೆನ್ನು,
ಮುಟ್ಟಿದರೆ ಬಿಸಿ. ಚಳಿಗಾಲದಲ್ಲಿ ಹಾನುಸ್
ಅದರ ಮೇಲೆ ಕೈಗವಸು ಒಣಗಿಸುತ್ತಿದ್ದನಂತೆ.
ಕಟ್ಟಿದವನೂ ಅವನೇ. ಈಗ ಪಿಂಚಣಿ, ಗುಡ್ಡದಾಚೆ ಕುರಿ;
ಫೋನು ಎತ್ತುವುದಿಲ್ಲ,
ಎತ್ತಿದರೂ ಕುರಿಯ ಮಾತೇ.

ಸೆಂಡ್‌ಮೇಲ್, ಅವನ ಕಾಲದ್ದು. ಬಾರದ ವಿದ್ಯೆಯಿಲ್ಲ,
ಹೇಳುವುದು ಮಾತ್ರ ತನ್ನದೇ ಭಾಷೆಯಲ್ಲಿ:
ಡಾಲರ್ ಚಿಹ್ನೆ, ಕಂಸ, ಮತ್ತೆ ಡಾಲರ್;
ಕಡತ ತೆರೆದರೆ ಶಾಯಿಗೆ ಬಿದ್ದ ಇರುವೆ
ಎದ್ದು ನಡೆದುಹೋದ ಹಾಗೆ.
ಎಕ್ಸಿಮ್, ಒಂಟಿ ಮೈಯಲ್ಲಿ ಊರ ಕೆಲಸ.
ಹೇಗೆಂದರೆ ಹಾಗೆ ಬಾಗುತ್ತದೆ,
ಹೇಗೆಂದು ಹೇಳುವವರು ಬೇಕು.
ಪೋಸ್ಟ್‌ಫಿಕ್ಸ್ ಕೂಡುಕುಟುಂಬ:
ಒಬ್ಬ ಬಾಗಿಲಿಗೆ, ಒಬ್ಬ ವಿಂಗಡಣೆಗೆ, ಒಬ್ಬ ಹೊರೆಗೆ,
ಒಬ್ಬನ ಕೋಣೆಗೆ ಇನ್ನೊಬ್ಬ ಕಾಲಿಡುವುದಿಲ್ಲ;
ಯಾರಾದರೂ ಬಿದ್ದರೆ ಯಜಮಾನ
ಅಳುತ್ತ ಕೂರದೆ ಮತ್ತೊಬ್ಬನನ್ನು ನಿಲ್ಲಿಸುತ್ತಾನೆ.

ನಾಲ್ಕನೆಯದನ್ನು ಖಜಾಂಚಿ ಮಾರ್ನಾ ಸೇರಿಸಿದಳು:
"ಕೋಪನ್‌ಹೇಗನ್ನಿನಲ್ಲಿ ಬಾಡಿಗೆಗೆ ಸಿಗುತ್ತದೆ,
ತಿಂಗಳಿಗಿಷ್ಟು, ತಲೆಗಿಷ್ಟು.
ನೀನ್ಯಾಕೆ ತಲೆ ಕೆಡಿಸಿಕೊಳ್ಳುತ್ತೀ?"

ಮಂಗಳವಾರ ಹಾನುಸನ ಕಡತದಲ್ಲೊಂದು ಉಪಾಯ ಕಂಡಳು:
ಗುರುತಿಲ್ಲದವರು ತಟ್ಟಿದರೆ ತೆರೆಯಬೇಡ,
ಈಗಾಗದು, ಆಮೇಲೆ ಬಾ, ಎನ್ನು.
ಕಸ ಹಂಚುವವರು ಮರಳುವುದಿಲ್ಲ, ಅವರಿಗೆ ಇನ್ನೂ ಸಾವಿರ ಬಾಗಿಲು;
ನಿಜದ ಕಾಗದ ಕಾಲು ಗಂಟೆ ಬಿಟ್ಟು
ಮತ್ತೆ ಬಂದು ತಟ್ಟುತ್ತದೆ.
ನಮ್ಮ ಕಡೆ ಕದಕ್ಕೆ ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದ ಅಜ್ಜಿಯರು
ಇದನ್ನು ಕೇಳಿದ್ದರೆ ನಗುತ್ತಿದ್ದರು:
ದಿನಾ ಬಂದು, ಓದಿ, ನಂಬಿ, ಹಿಂದೆ ಹೋಗುತ್ತಿತ್ತಲ್ಲ,
ಎಂಥ ನಿಯತ್ತಿನ ದೆವ್ವ ನಮ್ಮದು!

ಅದರ ಕೆಳಗೆ ಈ ಸಾಲು.
ಸರದಿಯಲ್ಲಿ ಕಾಯುವ ಅವಧಿ: ನಲವತ್ತು ದಿನ.
ಪಕ್ಕದಲ್ಲಿ: "ಮುಟ್ಟಬೇಡ. ಯಾಕೆಂದು ಮಾಲನ್‌ಗೆ ಗೊತ್ತು."

ಸಾಮಾನ್ಯವಾಗಿ ಐದು ದಿನ. ಐದು ದಿನ ಕದ ತಟ್ಟಿ
ತೆರೆಯದಿದ್ದರೆ ಕಾಗದ ಬರೆದವರಿಗೇ ವಾಪಸು.
ಬಾಡಿಗೆಯವರನ್ನು ಕೇಳಿದಳು.
"ಎರಡು ದಿನ. ಅದಕ್ಕಿಂತ ಹೆಚ್ಚು ಯಾರಿಗೆ ಬೇಕು?"

ಮಾಲನ್ ಕೆಳಗೆ, ಮೀನು ಸೀಳುವ ಸಾಲಿನಲ್ಲಿ.
ಚಾಕು ನಿಲ್ಲಿಸದೆ ಹೇಳಿದಳು:
"ಬಾರೆಂಟ್ಸ್ ಕಡಲಿಗೆ ಹೋದ ಹಡಗಿಗೆ ಎಲ್ಲಿಯ ತಂತಿ?
ಐದು ವಾರಕ್ಕೊಮ್ಮೆ ಬಂದರು, ಆಗಷ್ಟೇ ಅದರ ಪೆಟ್ಟಿಗೆ ಎಚ್ಚರ.
ಮಗು ಹುಟ್ಟಿತೆಂದು ಗಂಡನಿಗೆ ಬರೆದೆ.
ಆರನೇ ದಿನ ನನಗೇ ಬಂತು,
ತಲುಪಿಸಲಾಗಲಿಲ್ಲವಂತೆ, ಇಂಗ್ಲಿಷಿನಲ್ಲಿ.
ಹೋಗಿ ಹಾನುಸನ ಮೇಜಿನ ಮೇಲೆ
ಒಂದು ಹಸಿ ಕಾಡ್ ಮೀನು ಇಟ್ಟು ಬಂದೆ. ಮಾತಾಡಲಿಲ್ಲ."

ಐದು ವಾರಕ್ಕೆ ಮೂವತ್ತೈದು.
"ಗಾಳಿ ಕೆಟ್ಟರೆ ಇನ್ನು ನಾಲ್ಕು."
ಮತ್ತೆ ಆ ಒಂದು ದಿನ?
"ಅದು ಹಾನುಸನದು."

ರಾತ್ರಿ ಹೆಸರುಗಳನ್ನು ಮತ್ತೆ ಬರೆದುಕೊಂಡಳು.
ಎಷ್ಟು ಓಡುತ್ತೀ ಎಂದು ಕೇಳಲಿಲ್ಲ ಈ ಸಲ,
ಎಷ್ಟು ಕಾಯುತ್ತೀ?
ಹೇಳಿದಷ್ಟು ಎಂದವು ಮೂರೂ.
ಹಾಗಾದರೆ ಹೇಳಿದ್ದು ಓದಲು ಬರಬೇಕು,
ನನ್ನ ಕುರ್ಚಿಯಲ್ಲಿ ನಾಳೆ ಕೂರುವವರಿಗೆ,
ನಾನು ಫೋನು ಎತ್ತದ ದಿನ.

ಪೋಸ್ಟ್‌ಫಿಕ್ಸ್ ಎಂದು ಬರೆದಳು. ಗುರುವಾರ ನಲವತ್ತು ಎಂದು ಒತ್ತಿ
ಪಕ್ಕದಲ್ಲಿ ತನ್ನದೊಂದು ಟಿಪ್ಪಣಿ:
"ಮುಟ್ಟಬೇಡ. ಮೇಜಿನ ಮೇಲೆ ಮೀನು ಬೀಳುತ್ತದೆ."

ಶನಿವಾರ ಹಳೆಯದನ್ನು ಆರಿಸಿದರು.
ಹೊಸ ಪೆಟ್ಟಿಗೆ ತೆಳ್ಳಗೆ, ಸದ್ದಿಲ್ಲ, ಮುಟ್ಟಿದರೆ ತಣ್ಣಗೆ.
ಒದ್ದೆ ಕೈಗವಸು ಹಿಡಿದು ರನ್ವಾ
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.